ಮೂರು ಕಲಮು, ಒಂದು ಲೈಸನ್ನು

ಮಗನ ಮೇಲೆ ಬಿದ್ದ ಕೇಸು ಎಂಥದು ಎಂದು ಮಹಾದೇವಮ್ಮ ಕಂಡಕಂಡವರನ್ನೆಲ್ಲ ಕೇಳಿದಳು. ಒಬ್ಬೊಬ್ಬರು ಒಂದೊಂದು ಹೇಳಿದರು. ಕೇಳುತ್ತ ಹೋದಂತೆ ಆಕೆಯ ತಲೆ ಸಿಕ್ಕುಬಿದ್ದ ನೂಲಿನ ಉಂಡೆಯಾಯಿತು. ಒಂದು ಎಳೆ ಹಿಡಿದು ಜಗ್ಗಿದರೆ ಇನ್ನೆರಡು ಕಡೆ ಗಂಟು ಬಿಗಿಯುತ್ತಿತ್ತು.

ನಡೆದದ್ದಂತೂ ವಾಡಿ ಊರಿಗೆಲ್ಲ ಗೊತ್ತಿತ್ತು. ಹಣಮಂತರಾಯ ಸಾವುಕಾರರ ಲಾರಿ ಹೊಡೆಯುವ ಆಕೆಯ ಮಗ ಸಾಯಬಣ್ಣ ನೆಲಕ್ಕೆ ಹಾಸುವ ಪರಸಿ ಕಲ್ಲು ತುಂಬಿಕೊಂಡು ಸೇಡಮ್ಮಿಗೆ ಹೊರಟಿದ್ದ. ದಂಡೋತಿ ಹತ್ತಿರ ರಸ್ತೆ ಬದಿಗೆ ನಿಂತಿದ್ದ, ಜೋಳದ ಕಣಿಕೆ ಹೇರಿದ ಬಂಡಿಗೆ ಲಾರಿ ಹಾಯಿಸಿಬಿಟ್ಟ. ದೇವರು ದೊಡ್ಡವನು, ಎತ್ತುಗಳ ಕೊರಳು ಬಿಚ್ಚಿ ನೀರಿಗೆ ಬಿಟ್ಟಿದ್ದರು. ಬಂಡಿಯ ಧಣಿ ಗೊಲ್ಲಾಳಪ್ಪ ಬೇವಿನ ನೆರಳಲ್ಲಿ ಬುತ್ತಿ ಬಿಚ್ಚಿ ಕುಳಿತಿದ್ದ. ಯಾರ ಮೈಗೂ ಗಾಯವಾಗಲಿಲ್ಲ. ಬಂಡಿ ಮಾತ್ರ ಒಲೆಗೆ ಹಾಕುವ ಕಟ್ಟಿಗೆಯಾಯಿತು. ಸಾಯಬಣ್ಣ ಕೆಳಗಿಳಿದವನು ಎರಡು ಹೆಜ್ಜೆ ಇಟ್ಟು ರಸ್ತೆಯ ಅಂಚಿಗೆ ಕುಸಿದು ಕುಳಿತ. ಕಣ್ಣು ಮುಚ್ಚಿ ಮುಚ್ಚಿ ಹೋಗುತ್ತಿದ್ದವು, ನಾಲಿಗೆ ತೊದಲುತ್ತಿತ್ತು, ಆಡಿದ ಮಾತು ಮುಗಿಯುವ ಮೊದಲೇ ಗದ್ದ ಎದೆಗೆ ಬೀಳುತ್ತಿತ್ತು. ಚಿತ್ತಾಪುರದ ಪೊಲೀಸರು ಬಂದು ನೋಡಿದರು. ನೋಡಿದವರಿಗೆ ಬೇರೆ ಏನು ಅನ್ನಿಸೀತು? ಕುಡಿದಾನ ಎಂದರು. ದವಾಖಾನೆಗೆ ಒಯ್ದು ಡಾಕ್ಟರಿಗೆ ತೋರಿಸಿದರು, ಠಾಣೆಯಲ್ಲಿ ಕೂಡಿಸಿದರು, ಲೈಸನ್ನು ಕಸಿದಿಟ್ಟುಕೊಂಡರು. ಮರುದಿನ ಸಾವುಕಾರರು ಜಾಮೀನು ಕೊಟ್ಟು ಬಿಡಿಸಿ ತಂದರು. ಲೈಸನ್ನು ಮಾತ್ರ ಹೊರಗೆ ಬರಲಿಲ್ಲ.

ಆ ಲೈಸನ್ನು ಹೋದರೆ ಸಾಯಬಣ್ಣ ಎಲ್ಲಿಗೆ ಹೋಗಬೇಕು ಎಂಬುದನ್ನು ಆ ಓಣಿಯಲ್ಲಿ ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಅಲ್ಲಿಯ ಗಂಡಸರೆಲ್ಲ ಬೆಳಗಾದರೆ ಕಲ್ಲಿನ ಖಣಿಗೆ ಇಳಿಯುವವರು. ಮಹಾದೇವಮ್ಮನ ಗಂಡನೂ ಇಳಿದವನೇ. ಕಲ್ಲಿನ ಧೂಳು ಎದೆಯೊಳಗೆ ಕೂತು, ಮೀಸೆ ಹಣ್ಣಾಗುವ ಮೊದಲೇ ಅವನು ಹೋದ. ಅವನನ್ನು ಮಣ್ಣಿಗಿಟ್ಟು ಬಂದ ಸಂಜೆ ಆಕೆ ಹೊಸ್ತಿಲ ಮೇಲೆ ಕುಳಿತು, ನನ್ನ ಮಗ ಖಣಿಗೆ ಇಳಿಯಬಾರದು ಎಂದಷ್ಟೇ ಹೇಳಿದ್ದಳು. ಅಳುವವರ ನಡುವೆ ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆಕೆ ಮಾತ್ರ ಬಿಡಲಿಲ್ಲ. ಮಗನನ್ನು ಲಾರಿ ತೊಳೆಯಲು ಕಳಿಸಿದಳು, ಕ್ಲೀನರ್ ಮಾಡಿದಳು, ಡ್ರೈವರನ ಬೈಗುಳ ತಿಂದು ಸ್ಟೇರಿಂಗ್ ಹಿಡಿಯುವುದು ಕಲಿಯಲಿ ಎಂದು ಹಲ್ಲು ಕಚ್ಚಿ ಕಾದಳು. ಮೈಸೂರು ರಾಜ್ಯ ಹೋಗಿ ಕರ್ನಾಟಕ ಎಂದು ಹೆಸರಾದ ವರ್ಷವೇ ಅವನಿಗೆ ಲೈಸನ್ನು ಬಂದಿತ್ತು. ಊರೆಲ್ಲ ರಾಜ್ಯದ ಹೆಸರಿಗೆ ಪೇಡೆ ಹಂಚಿದರೆ ಆಕೆ ಲೈಸನ್ನಿನ ಹೆಸರಿಗೆ ಬೆಲ್ಲ ಹಂಚಿದ್ದಳು.

ಸಾಯಬಣ್ಣ ಕುಡಿಯುವವನಲ್ಲ. ಇದು ಊರಿಗೂ ಗೊತ್ತಿತ್ತು. ಆದರೆ ಕುಡಿಯದವನು ಹಾಗೆ ತೂರಾಡಿದ್ದು ಯಾಕೆ ಎಂಬುದು ಮಹಾದೇವಮ್ಮ ಒಬ್ಬಳಿಗೇ ಗೊತ್ತಿತ್ತು.

ಖಣಿ ಓಣಿಯ ಹೆಂಗಸರಲ್ಲಿ ಒಂದು ಪದ್ಧತಿ ಇತ್ತು. ಹಾಲು ಕುಡಿಯುವ ಕೂಸನ್ನು ಮರಕ್ಕೆ ತೊಟ್ಟಿಲು ಕಟ್ಟಿ ಮಲಗಿಸಿ ಕಲ್ಲು ಹೊರಲು ಹೋಗಬೇಕಲ್ಲ; ಕೂಸು ಅತ್ತರೆ ಆಳುಗಳ ಮೇಲಿನ ಮುಕಾದಮ ಬೈಯುತ್ತಾನೆ. ಅದಕ್ಕೆ ಗಸಗಸೆ ಕಾಯಿಯ ಒಣಬುರುಡೆಯನ್ನು, ಅವರ ಬಾಯಲ್ಲಿ ಡೋಡಿ, ನೀರಲ್ಲಿ ನೆನೆಹಾಕಿ, ಬೆರಳ ತುದಿಯಿಂದ ಕೂಸಿನ ನಾಲಿಗೆಗೆ ಅಷ್ಟು ಸವರುತ್ತಿದ್ದರು. ಕೂಸು ಉಣ್ಣುವ ಹೊತ್ತಿನವರೆಗೆ ಕಣ್ಣು ಬಿಡುತ್ತಿರಲಿಲ್ಲ. ಅದೇ ಡೋಡಿಯನ್ನು ಹಾಲಿನಲ್ಲಿ ಕುದಿಸಿದರೆ ದೊಡ್ಡವರ ಕೆಮ್ಮಿಗೂ ಔಷಧ ಎನ್ನುತ್ತಿದ್ದರು, ಎಷ್ಟು ಎಂದು ಯಾರೂ ಅಳತೆ ಹೇಳಿದ್ದಿಲ್ಲ. ಪಕ್ಕದ ಮನೆಯ ಸೂಲಗಿತ್ತಿ ಅಮೀರ್ಬೀ ಶಹಾಬಾದಿಗೆ ಹೋದಾಗಲೆಲ್ಲ ತಂದು ಓಣಿಗೆ ಹಂಚುತ್ತಿದ್ದಳು. ಅಮಲು ಎಂಬ ಮಾತನ್ನು ಆ ಡೋಡಿಯ ಜೊತೆಗೆ ಯಾರೂ ಸೇರಿಸಿ ಆಡಿದ್ದಿಲ್ಲ. ಅಮಲು ಎಂದರೆ ಸೇಂದಿ ಅಂಗಡಿ. ಇದು ತಾಯಂದಿರ ಕೈಯದು.

ಬಂಡಿ ಮುರಿದ ದಿನದ ಬೆಳಿಗ್ಗೆ ಸಾಯಬಣ್ಣ ಚಿಂಚೋಳಿಯಿಂದ ಖಾಲಿ ಲಾರಿ ತಂದು ನಿಲ್ಲಿಸಿ ಮನೆಗೆ ಬಂದಿದ್ದ. ಕೆಮ್ಮಿ ಕೆಮ್ಮಿ ಪಕ್ಕೆಲುಬು ಹಿಡಿದುಕೊಂಡಿದ್ದ. ಊಟ ಬೇಡ, ಮಲಗುತ್ತೇನೆ ಎಂದ. ಮಹಾದೇವಮ್ಮ ಹಾಲು ಕಾಸಿ, ಶುಂಠಿ ಜಜ್ಜಿ, ಬೆಲ್ಲ ಹಾಕಿ, ಡೋಡಿ ಹಾಕಿದಳು. ಎಷ್ಟು ಹಾಕಬೇಕು? ತೊಟ್ಟಿಲ ಕೂಸಿಗೆ ಬೆರಳ ತುದಿಯಷ್ಟಾದರೆ, ಬಾಗಿಲ ಚೌಕಟ್ಟಿಗೆ ತಲೆ ತಾಗುವ ಮಗನಿಗೆ? ಮೈ ನೋಡಿ ಕೈಗೆ ಬಂದಷ್ಟು ಹಾಕಿದಳು. ಹಾಲು ಕುಡಿಯಪ್ಪಾ ಎಂದು ಕೊಟ್ಟಳು, ಅವನು ಕುಡಿದು ಮಲಗಿದ. ಮಲಗಿದವನ ಉಸಿರು ನೆಟ್ಟಗಾದದ್ದನ್ನು ಕೇಳಿ, ನೆಮ್ಮದಿಯಾಗಿ ಜ್ವಾರಿ ಹೊತ್ತುಕೊಂಡು ಗಿರಣಿಗೆ ಹೋದಳು. ಗಿರಣಿಯಲ್ಲಿ ಪಾಳಿ ಉದ್ದ ಇತ್ತು. ಹಿಟ್ಟು ಹೊತ್ತು ತಿರುಗಿ ಬಂದರೆ ಹಾಸಿಗೆ ಖಾಲಿ. ಇನ್ನೊಬ್ಬ ಡ್ರೈವರ್ ಬಂದಿಲ್ಲವೆಂದು ಸಾವುಕಾರರ ಆಳು ಬಂದು ಎಬ್ಬಿಸಿಕೊಂಡು ಹೋಗಿದ್ದ. ನಿದ್ದೆ ಒಂದಿಷ್ಟು ಆಗಿದೆಯಲ್ಲ, ಹೋಗಲಿ ಎಂದುಕೊಂಡು ಆಕೆ ರೊಟ್ಟಿಗೆ ಎಸರಿಟ್ಟಳು.

ಹೀಗಾಗಿ, ಕುಡಿದ ಕೇಸು ಎಂದು ಕೇಳಿದಾಗ ಆಕೆಗೆ ಮೊದಲು ಆದದ್ದು ಒಂದು ನಮೂನೆಯ ಧೈರ್ಯ. ಕುಡಿದೇ ಇಲ್ಲವಲ್ಲ! ಔಷಧ ಕೊಟ್ಟದ್ದು ನಾನು ಎಂದು ಒಂದು ಮಾತು ಹೇಳಿದರೆ ಆಯಿತು, ಲೈಸನ್ನು ಕೈಗೆ ಬರುತ್ತದೆ. ಎಲ್ಲಿ ಹೇಳಬೇಕು ಎಂದು ಗೊತ್ತಿಲ್ಲದೆ, ಗಂಡನ ಊರ ಕಡೆಯವರಾದ ಅಂಬರಾಯ ವಕೀಲರನ್ನು ಹುಡುಕಿಕೊಂಡು ಪ್ಯಾಸೆಂಜರ್ ರೈಲುಗಾಡಿ ಹತ್ತಿ ಚಿತ್ತಾಪುರಕ್ಕೆ ಹೋದಳು.

ಅಂಬರಾಯರು ಪಡಸಾಲೆಯಲ್ಲಿ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದರು.

"ಕುಂದ್ರವ್ವಾ. ನೋಡು, ಗಾಡಿ ಹೊಡೆಯೋರ ಮ್ಯಾಗ ಇಂಥದ್ರಾಗ ಮೂರು ಕಲಂ ಅವ. ಒಂದು, ಬೇಪರವಾ ಹೊಡದದ್ದು. ಎರಡನೇದು, ಅಮಲಿನ್ಯಾಗ ಹೊಡದದ್ದು. ಮೂರನೇದು, ಮೈಯಾಗ ರೋಗ ಅದ, ಹೊಡದ್ರ ಮಂದಿ ಜೀವಕ್ಕ ಧೋಕಾ ಅದ ಅಂತ ತನಗ ಗೊತ್ತಿದ್ದೂ ಹೊಡದದ್ದು."

"ಮೂರೂ ಯಾಕ್ರಿ? ಮುರಿದದ್ದು ಒಂದೇ ಬಂಡಿ ಅಲ್ರೀ."

"ಬಂಡಿ ಒಂದೇ ಖರೆ. ಯಾಕ ಮುರೀತು ಅನ್ನೋದ್ರ ಮ್ಯಾಗ ಕಲಂ ಬದಲಿ ಆಗ್ತದ. ಈಗ ನಿನ್ನ ಮನ್ಯಾಗ ರೊಟ್ಟಿ ಸೀದಿತು ಅಂತ ತಿಳಿ. ನೀ ಮಾತಾಡಕೋತ ಕುಂತಿದ್ದಿ ಅಂದ್ರ..."

"ನನ್ನ ಮನ್ಯಾಗ ರೊಟ್ಟಿ ಸೀಯಂಗಿಲ್ರಿ."

"ಸೀದಿತು ಅಂತ ತಿಳಕೋ ಮಾರಾಯ್ತಿ! ಮಾತಾಡಕೋತ ಕುಂತು ಸೀದಿದ್ರ ಅದು ಬೇಪರವಾಯಿ. ನಿನಗ ಕಣ್ಣು ಕಾಣಂಗಿಲ್ಲ, ಗೊತ್ತಿದ್ದೂ ಒಲಿ ಮುಂದ ಕುಂತಿ ಅಂದ್ರ ಅದು ರೋಗದ್ದು. ಇನ್ನ, ಸೇಂದಿ ಏರಿಸಿ ಕುಂತಿದ್ರ..."

"ಶಿವ ಶಿವಾ!"

"ಅದು ಅಮಲಿಂದು. ನಿನ್ನ ಮಗನ ಮ್ಯಾಗ ಅದನ್ನ ಹಚ್ಯಾರ. ಆದ್ರ ಅದೇನು ಸಸಾರ ಅಲ್ಲ. ಬಾಯಿ ವಾಸನಿ ಬಂತು ಅಂತ ಕಲಂ ಹತ್ತಂಗಿಲ್ಲ. ವಾಸನಿ ಬಂದ್ರೂ ಗಾಡಿ ನೆಟ್ಟಗ ಹೊಡದ್ರ ಪಾರು. ಸ್ಟೇರಿಂಗ್ ಕೈಯಾಗ ನಿಲ್ಲಲಾರದಷ್ಟು ಏರಿರಬೇಕು. ನಿನ್ನ ಮಗಂದು ಉಲ್ಟಾ. ಸ್ಟೇರಿಂಗ್ ನಿಂತಿಲ್ಲ, ವಾಸನಿ ಇಲ್ಲ."

"ವಾಸನಿ ಹ್ಯಾಂಗ ಬರ್ತದ್ರಿ? ಅವ ಕುಡದೇ ಇಲ್ಲ. ಕೆಮ್ಮಿಗಂತ ನಾ ಹಾಲಿನ್ಯಾಗ ಡೋಡಿ ಕುದಿಸಿ ಕೊಟ್ಟಿದ್ದೆ. ಅವಗ ಗೊತ್ತೂ ಇಲ್ಲ."

ಅಂಬರಾಯರು ಬಾಯಿಗೆ ಒಯ್ಯುತ್ತಿದ್ದ ಎಲೆಯನ್ನು ಕೆಳಗಿಟ್ಟರು.

"ಇದನ್ನ ಯಾರ್ಯಾರ ಮುಂದ ಹೇಳೀದಿ?"

"ನಿಮ್ಮ ಮುಂದನ ಮೊದಲು."

"ಇನ್ನೊಬ್ಬರ ಮುಂದ ಹೇಳಬ್ಯಾಡ. ಮಗನ ಮುಂದೂ ಹೇಳಬ್ಯಾಡ. ಕಾಯ್ದೆದಾಗ ಸಾರಾಯಿ ಅಂತಷ್ಟ ಬರದಿಲ್ಲವ್ವಾ. ಸಾರಾಯಿ, ಇಲ್ಲಾ ಬ್ಯಾರೆ ಅಮಲಿನ ಪದಾರ್ಥ ಅಂತ ಅದ. ಎರಡಕ್ಕೂ ಒಂದೇ ಕಲಂ."

"ಅದು ಔಷಧ ರೀ!"

"ಸೇಂದಿ ಅಂಗಡ್ಯಾಗ ಕುಡದಾನೋ, ತಾಯಿ ಕೈಲೆ ಕುಡದಾನೋ, ಪೊಲೀಸ್ರಿಗೆ ಏನು ಫರಕ? ಅವರ ಕಡೆ ಇಲ್ಲದ ಸಾಕ್ಷಿ ನೀನೇ ಒಯ್ದು ಕೊಟ್ಟಂಗ ಆಗ್ತದ."

"ಅವಗ ಗೊತ್ತಿರಲಿಲ್ಲ ಅಂದ್ರೂನೂ?"

"ಗೊತ್ತಿರಲಿಲ್ಲ ಅಂದ್ರ ಸಾಹೇಬರು ಒಪ್ಪಬಹುದು, ಒಪ್ಪದೇನೂ ಇರಬಹುದು. ಆ ಜೂಜಿಗೆ ನಾ ಬೀಳಂಗಿಲ್ಲ. ದಣಿದಿದ್ದ, ಕಣ್ಣು ಹತ್ತಿತು ಅಂತ ಹೇಳಲಿ. ಬೇಪರವಾಯಿ ಒಂದು ಒಪ್ಪಕೊಂಡ್ರ ದಂಡ ಕಟ್ಟಿ ಬರಬಹುದು. ಲೈಸನ್ನು ಒಂದಿಷ್ಟು ದಿನ ತಡೀತಾರ, ಆಮೇಲೆ ಕೊಡ್ತಾರ."

ಮಹಾದೇವಮ್ಮ ಎದ್ದವಳು ಮತ್ತೆ ಕುಳಿತಳು. "ಆ ರೋಗದ್ದು ಅಂದ್ರಲ್ಲ, ಅದಕ್ಕೇನು ಶಿಕ್ಷಾ?"

"ಶಿಕ್ಷಾ ಮೂರರಾಗ ಸಣ್ಣದು. ಆದ್ರ ಅದರ ಹತ್ರ ಹೋಗಬ್ಯಾಡ್ರಿ. ನನಗ ಮೂರ್ಛಿ ಬರ್ತದ ಅಂತ ಒಮ್ಮೆ ಒಪ್ಪಿದವಗ ಸರ್ಕಾರ ಮತ್ತ ಲಾರಿ ಹೊಡಿ ಅಂತದೇನು? ಲೈಸನ್ನು ಹೋತಂದ್ರ ಹೋತು."

ವಾಡಿಗೆ ಮರಳುವ ಗಾಡಿಯಲ್ಲಿ ಕಿಟಕಿಗೆ ತಲೆಯಾನಿಸಿ ಆಕೆ ಇದನ್ನು ಮತ್ತೆ ಮತ್ತೆ ಮಗುಚಿ ಹಾಕಿದಳು. ಔಷಧ ಎಂದರೆ ಸಾರಾಯಿಯಾಗುತ್ತದೆ. ಸಣ್ಣ ಶಿಕ್ಷೆಯೇ ಲೈಸನ್ನನ್ನು ಪೂರಾ ನುಂಗುತ್ತದೆ. ಲೈಸನ್ನು ತಿರುಗಿ ಬೇಕೆಂದರೆ ಮಗ ಬೇಪರವಾ ಮನುಷ್ಯ ಎನ್ನಬೇಕು, ಹಾಲಿನ ಲೋಟ ತೊಳೆದಿಟ್ಟು ಮಲಗುವ ಮಗ. ಯಾವುದು ಖರೆ, ಯಾವುದು ಸುಳ್ಳು ಎಂಬುದಂತೂ ಈ ಲೆಕ್ಕದಲ್ಲಿ ಎಲ್ಲಿಯೂ ಬರಲೇ ಇಲ್ಲ. ಎದುರಿಗೆ ಕುಳಿತ ಹೆಂಗಸು ಕಡಲೆಕಾಯಿ ಕೊಟ್ಟಳು. ಆಕೆ ಸಿಪ್ಪೆ ಸುಲಿದು ಕಾಳನ್ನು ಕಿಟಕಿಯಾಚೆ ಒಗೆದು ಸಿಪ್ಪೆ ಕೈಯಲ್ಲಿ ಹಿಡಿದು ಕುಳಿತಳು.

ಮನೆಗೆ ಬಂದರೆ ಹಣಮಂತರಾಯ ಸಾವುಕಾರರು ಕಟ್ಟೆಯ ಮೇಲೆ ಕುಳಿತಿದ್ದರು. ಸಾಯಬಣ್ಣ ಎದುರಿಗೆ ಕೈಕಟ್ಟಿ ನಿಂತಿದ್ದ.

"ಬಾ ಮಾದೇವಮ್ಮ, ನಿನ್ನ ಮಗಗ ಬುದ್ಧಿ ಹೇಳಾಕತ್ತೀನಿ. ಕೋರ್ಟಿನ್ಯಾಗ, ಚಕ್ಕರ್ ಬಂತು, ಎಚ್ಚರ ತಪ್ಪಿತು ಅನ್ನಲಿ. ಕುಡದಿದ್ದ ಅಂತ ಆದ್ರ ನಿಮ್ಮ ಮಾನ ಹೋಗ್ತದ, ನನ್ನ ಲಾರಿಗೂ ಆ ಬಂಡಿಯವಗೂ ವಿಮಾದವ್ರು ಕೈ ಎತ್ತತಾರ. ರೋಗ ಅಂದ್ರ ಯಾರೇನು ಮಾಡ್ತಾರ? ದೇವರು ಕೊಟ್ಟದ್ದು."

ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ ಅದು. ಹೇಳಿ ಎದ್ದು, ಚಹಾ ಬೇಡವೆಂದು ಹೋದರು.

"ಅವ್ವಾ," ಎಂದ ಸಾಯಬಣ್ಣ, ಅವರು ತಿರುವು ದಾಟಿದ ಮೇಲೆ. "ಸಾವ್ಕಾರ್ರು ತಾವು ನನಗ ಸುಳ್ಳು ಕಲಸಾಕತ್ತೀವಿ ಅಂತ ತಿಳದಾರ. ಸುಳ್ಳಲ್ಲ ಅದು. ನನಗ ಖರೇನ ಏನೋ ಆಗ್ಯದ."

"ಏನಾಗ್ಯದಪ್ಪಾ?"

"ನಿದ್ದಿ ಅಂದ್ರ ನನಗ ಗೊತ್ತಿಲ್ಲೇನು? ನಿದ್ದಿಗೆಟ್ಟು ಎಷ್ಟು ಗಾಡಿ ಹೊಡದೀನಿ. ಅವತ್ತಿಂದು ನಿದ್ದಿ ಅಲ್ಲ. ಕೈ ನನ್ನವು ಅಲ್ಲ ಅನಿಸ್ತು. ಬಂಡಿ ಕಾಣಸಾಕತ್ತಿತ್ತು. ಬ್ರೇಕ್ ಒತ್ತಬೇಕು ಅಂತ ಗೊತ್ತಿತ್ತು. ಕಾಲು ಏಳಲಿಲ್ಲ." ಅವನು ತನ್ನ ಅಂಗೈಗಳನ್ನೇ ನೋಡಿಕೊಂಡ. "ಅಪ್ಪಗೂ ಮೊದಲ ಹಿಂಗೇ ಶುರು ಆಗಿತ್ತೇನು?"

ಆ ಕ್ಷಣ ಹೇಳಿಬಿಡಬೇಕಾಗಿತ್ತು. ಬಾಯಿಗೆ ಬಂದದ್ದನ್ನು ವಕೀಲರ ಮಾತು ಹಿಡಿದು ನಿಲ್ಲಿಸಿತು. ಇವನಿಗೆ ಹೇಳಿದರೆ ಇವನು ಕೋರ್ಟಿನಲ್ಲಿ ಹೇಳುತ್ತಾನೆ; ಚಿಕ್ಕಂದಿನಿಂದ ಸುಳ್ಳು ಹೇಳಲು ಬಾರದವನು. ಆಕೆ ಒಳಗೆ ಹೋಗಿ ಹಿಟ್ಟು ನಾದತೊಡಗಿದಳು. "ಇಲ್ಲಪ್ಪಾ, ಅಪ್ಪಗ ಹಂಗಾಗಿರಲಿಲ್ಲ. ನಿನಗೇನೂ ಆಗಿಲ್ಲ," ಎಂದಳು. ಬಡಿದ ರೊಟ್ಟಿ ಹರಿಯಿತು. ಇನ್ನೊಂದು ಬಡಿದಳು, ಅದೂ ಹರಿಯಿತು.

ಸಂಜೆ ಅಮೀರ್ಬೀಯ ಹಿತ್ತಿಲಲ್ಲಿ ಕುಳಿತು ಎಲ್ಲವನ್ನೂ ಹೇಳಿಕೊಂಡಳು. ಅಮೀರ್ಬೀ ಕೋಳಿಗಳನ್ನು ಬುಟ್ಟಿಯಡಿ ಅಟ್ಟುತ್ತ ಕೇಳಿಸಿಕೊಂಡಳು.

"ಮಾದೇವಕ್ಕಾ, ವಕೀಲ ಹೇಳಬ್ಯಾಡ ಅಂದದ್ದು ಕೋರ್ಟಿಗಿ. ಹೊಟ್ಟ್ಯಾಗಿಂದ ಬಂದ ಮಗನಿಗಿ ಯಾಕ ಮುಚ್ಚಿಡ್ತಿ? ಅವ ತಾ ಸಾಯ್ತೀನಿ ಅಂತ ತಿಳಕೊಂಡು ಕುಂತಾನ."

"ಹೇಳಿದ್ರ ನಿನ್ನ ಹೆಸರೂ ಹೊರಗ ಬರ್ತದ ಅಮೀರ್ಬೀ. ಡೋಡಿ ಎಲ್ಲಿಂದ ಬಂತು ಅಂತ ಕೇಳಂಗಿಲ್ಲೇನು?"

"ಬರಲಿ ಬಿಡು. ಅರ್ಧ ವಾಡಿ ಕೂಸುಗಳ ನಾಲಿಗಿ ಮ್ಯಾಗ ನನ್ನ ಬೆರಳದ. ಆ ಠಾಣೇದಾಗಿನ ಒಬ್ಬ ಪೊಲೀಸನ ನಾಲಿಗಿ ಮ್ಯಾಗೂ ಅದ. ಎಲ್ಲಾರ್ನೂ ಒಳಗ ಹಾಕ್ತಾರೇನು?" ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿದಳು. "ಆದ್ರ ನೀ ಹಾಕಿದ್ದು ಎಷ್ಟು?"

ಮಹಾದೇವಮ್ಮ ಮುಷ್ಟಿ ತೋರಿಸಿದಳು.

"ಯಾ ಅಲ್ಲಾ! ಅಷ್ಟರಾಗ ಓಣಿ ಓಣೀನ ಮಲಗತಿತ್ತಲ್ಲ! ಕೂಸು ಬೆಳದಷ್ಟು ಡೋಡಿ ಬೆಳಸ್ತಾರೇನು?"

ಮಹಾದೇವಮ್ಮನಿಗೆ ಅದನ್ನು ಯಾರೂ ಹೇಳಿರಲಿಲ್ಲ. ಆ ಓಣಿಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದು ಕೂಸಿನ ಅಳತೆ ಒಂದೇ.

ಕೋರ್ಟಿನ ಪೇಶಿಯ ದಿನ ಬಂತು. ಮಗನಿಗೆ ರೈಲಿನಲ್ಲಿ ಹೇಳುತ್ತೇನೆ ಎಂದುಕೊಂಡು ಹತ್ತಿದಳು. ಆದರೆ ಅಂದು ಸಂತೆ. ಕೋಳಿ, ಮೆಣಸಿನಕಾಯಿ ಚೀಲ, ಮಂದಿ ಎಲ್ಲ ಒಂದರ ಮೇಲೊಂದು. ಸಾಯಬಣ್ಣ ಬಾಗಿಲಲ್ಲಿ ಜೋತುಬಿದ್ದು ನಿಂತಿದ್ದ, ಆಕೆ ಚೀಲಗಳ ನಡುವೆ ಸಿಕ್ಕಿಕೊಂಡಿದ್ದಳು. ಚಿತ್ತಾಪುರದಲ್ಲಿ ಇಳಿದದ್ದೇ ಅಂಬರಾಯರು ಎದುರಾಗಿ ಅವನನ್ನು ಪಕ್ಕಕ್ಕೆ ಕರೆದೊಯ್ದರು. "ಕಣ್ಣು ಹತ್ತಿತು ಅನ್ನು. ಮುಂದ ಒಂದು ಮಾತು ಬ್ಯಾಡ," ಎನ್ನುತ್ತಿದ್ದುದು ಆಕೆಗೆ ಕೇಳಿಸಿತು. ಸಾಯಬಣ್ಣ ತಲೆ ಆಡಿಸಿದ್ದು ಹೂಂ ಎಂದೋ ಊಹೂಂ ಎಂದೋ ತಿಳಿಯಲಿಲ್ಲ.

ಕೋರ್ಟಿನ ಮ್ಯಾಜಿಸ್ಟ್ರೇಟರು ಮೈಸೂರು ಕಡೆಯವರು. ಮೊದಲು ಡಾಕ್ಟರನ್ನು ಕರೆದರು. ವಾಸನೆ ಇರಲಿಲ್ಲ ಎಂದರು ಡಾಕ್ಟರು. ಆದರೆ ನಿಲ್ಲಲು ಆಗುತ್ತಿರಲಿಲ್ಲ, ಕಣ್ಣಿನ ಪಾಪೆ ಸಾಸಿವೆಯಷ್ಟು ಸಣ್ಣಗಾಗಿತ್ತು, ಸಾರಾಯಿ ಕುಡಿದವರಿಗೆ ಸಾಮಾನ್ಯವಾಗಿ ಹಾಗಾಗುವುದಿಲ್ಲ. ಆಮೇಲೆ ಬಂಡಿಯ ಗೊಲ್ಲಾಳಪ್ಪ ಬಂದು ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡು ನಿಂತ.

"ಇವನು ಕುಡಿದಿದ್ದನೇ?"

"ಹ್ಯಾಂಗ ಹೇಳ್ಳಿ ಸಾಹೇಬ್ರ? ಕುಡದವ ಮೊದಲ ನಮ್ಮನ್ನ ಬೈತಾನ್ರಿ. ಬಂಡಿ ಯಾಕ ಇಲ್ಲಿ ನಿಲ್ಲಿಸೀದಿ ಅಂತಾನ. ಈ ಹುಡುಗ ಬೈಲಿಲ್ಲ. ಎಪ್ಪಾ ಎತ್ತು ಎಲ್ಲವ, ಎತ್ತಿಗೇನೂ ಆಗಿಲ್ಲಲ್ಲ ಅಂತ ಕೇಳಿದ. ಕೇಳಿ ಅಲ್ಲೇ ಉಳ್ಳಿ ಬಿದ್ದ."

"ಅಂದರೆ ಕುಡಿದಿರಲಿಲ್ಲ?"

"ಕುಡದವನಂಗ ಇದ್ದ. ಕುಡದವನಂಗ ಮಾತಾಡಲಿಲ್ಲ."

ಮ್ಯಾಜಿಸ್ಟ್ರೇಟರು ಹಣೆ ಉಜ್ಜಿಕೊಂಡರು. ಆ ಮುಖ ನೋಡಿ, ಇವರಿಗೂ ನನ್ನಂತೆಯೇ ಸಿಕ್ಕುಬಿದ್ದಿದ್ದಾವೆ ಎಳೆಗಳು ಎಂದು ಮಹಾದೇವಮ್ಮನಿಗೆ ಅನ್ನಿಸಿತು. ಅದರಿಂದ ಸಮಾಧಾನವಾಗಲಿಲ್ಲ, ಹೆದರಿಕೆ ಹೆಚ್ಚಾಯಿತು.

"ಏನಪ್ಪಾ, ನೀನು ಏನು ಹೇಳುತ್ತೀಯ?"

ಸಾಯಬಣ್ಣ ಅಂಬರಾಯರ ಕಡೆ ನೋಡಲಿಲ್ಲ. "ಸಾಹೇಬ್ರ, ನಾ ಕುಡದಿಲ್ಲ. ವಕೀಲ್ರು ನಿದ್ದಿ ಅನ್ನು ಅಂದಾರ. ನಿದ್ದಿ ಅಲ್ರಿ ಅದು. ನನ್ನ ಮೈಯಾಗ ಏನೋ ರೋಗ..."

"ಏ ಹುಡುಗಾ!" ಎಂದರು ಅಂಬರಾಯರು.

"ರೋಗ ಇಲ್ರಿ!" ಎಂದು ಹಿಂದಿನಿಂದ ಕೂಗು ಬಂತು. ಕೂಗಿದ್ದು ತಾನೇ ಎಂದು ಮಹಾದೇವಮ್ಮನಿಗೆ ಎಲ್ಲರೂ ತಿರುಗಿ ನೋಡಿದಾಗ ತಿಳಿಯಿತು. "ಅವಗ ಯಾವ ರೋಗಾನೂ ಇಲ್ರಿ ನನ್ನೊಡೆಯಾ. ನಾ ಮಾಡಿದ್ದು. ನಾ ಹಾಲಿನ್ಯಾಗ ಡೋಡಿ ಹಾಕಿ ಕೊಟ್ಟೆ."

ಸರಕಾರಿ ವಕೀಲರು ಎದ್ದರು, ಅಂಬರಾಯರು ಕುಳಿತುಬಿಟ್ಟರು. ಮ್ಯಾಜಿಸ್ಟ್ರೇಟರು ಇಬ್ಬರಿಗೂ ಸುಮ್ಮನಿರಿ ಎಂದು ಕೈ ಮಾಡಿ ಆಕೆಯನ್ನು ಕಟಕಟೆಗೆ ಕರೆದು, ಪ್ರಮಾಣ ಮಾಡಿಸಿದರು. ಡೋಡಿ ಎಂದರೇನೆಂದು ಅವರಿಗೆ ಗೊತ್ತಿರಲಿಲ್ಲ. ಆಕೆ ಹೇಳಿದಳು. ತೊಟ್ಟಿಲು, ಕಲ್ಲು, ಮುಕಾದಮ, ಕೆಮ್ಮು, ಗಿರಣಿಯ ಪಾಳಿ, ಎಲ್ಲವನ್ನೂ ಹೇಳಿದಳು. ಎಷ್ಟು ಹಾಕಿದೆ ಎಂದು ಕೇಳಿದಾಗ ಮುಷ್ಟಿ ತೋರಿಸಿ, "ಮೈ ನೋಡಿ ಹಾಕಿದೆ ರೀ, ದೊಡ್ಡಾಂವ ಅಂತ," ಎಂದಳು. ಕೋರ್ಟಿನಲ್ಲಿ ನಗೆ ಎದ್ದಿತು. ಡಾಕ್ಟರು ನಗಲಿಲ್ಲ. "ಅವನು ಎಚ್ಚೆತ್ತು ಕುಳಿತಿದ್ದೇ ಪುಣ್ಯ ಸ್ವಾಮಿ," ಎಂದರು. ಆ ದಿನ ಹಾಸಿಗೆಯಲ್ಲಿ ಮಲಗಿದ್ದ ಮಗನ ನೆಟ್ಟಗಾದ ಉಸಿರು ನೆನಪಾಗಿ, ಮಹಾದೇವಮ್ಮ ಕಟಕಟೆಯ ಕಟ್ಟಿಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಹಾಲಿನಲ್ಲಿ ಏನಿತ್ತು ಎಂದು ಇವನಿಗೆ ಹೇಳಿದ್ದೆಯಾ?"

"ಇಲ್ರಿ. ಇವತ್ತಿನ ತನಾ ಹೇಳಿಲ್ಲ."

ಸಾಯಬಣ್ಣ ಆಕೆಯನ್ನೇ ನೋಡುತ್ತಿದ್ದ. ಅದು ಸಿಟ್ಟೋ ಬೆರಗೋ ಆಕೆಗೆ ತಿಳಿಯಲಿಲ್ಲ.

ಮ್ಯಾಜಿಸ್ಟ್ರೇಟರು ಅವನ ಕಡೆ ತಿರುಗಿದರು. "ಗೊತ್ತಿಲ್ಲದೆ ಒಳಗೆ ಹೋದ ಅಮಲಿಗೆ ನಿನ್ನನ್ನು ಕುಡುಕ ಎನ್ನಲು ನನಗೆ ಮನಸ್ಸಿಲ್ಲ. ರೋಗವಂತೂ ಇಲ್ಲ. ಒಂದೇ ಒಂದು ಮಾತು ಕೇಳುತ್ತೇನೆ, ನಿಜ ಹೇಳು. ಬಂಡಿಗೆ ಹೊಡೆಯುವ ಮೊದಲು, ದಾರಿಯಲ್ಲಿ, ಮೈ ಸರಿಯಿಲ್ಲ ಎಂದು ನಿನಗೆ ಗೊತ್ತಾಗಿತ್ತೇ?"

ಇಲ್ಲ ಅನ್ನು, ಎಂದು ಮಹಾದೇವಮ್ಮನ ಒಳಗೆಲ್ಲ ಕೂಗಿತು.

"ಆಗಿತ್ತರಿ," ಎಂದ ಸಾಯಬಣ್ಣ. "ಕಾಗಿಣಾ ಹೊಳಿ ದಂಡ್ಯಾಗ ಗಾಡಿ ನಿಲ್ಲಿಸಿ ಮುಖ ತೊಳಕೊಂಡೆ. ಕಣ್ಣು ಏಳವಲ್ಲವು. ಇಲ್ಲೇ ಮಲಗಬೇಕು ಅನಿಸ್ತು. ಸೇಡಂ ಎಷ್ಟರ ದೂರ ಅಂತ ಮತ್ತ ಹೊಡದೆ."

ಅಮಲಿನ ಕಲಂ ತೆಗೆದುಹಾಕಿದರು; ಮೈ ಸರಿಯಿಲ್ಲವೆಂದು ಗೊತ್ತಿದ್ದೂ ಹೊಡೆದದ್ದಕ್ಕೆ ಬೇಪರವಾಯಿಯದು ಉಳಿಯಿತು. ದಂಡ ಹಾಕಿದರು, ಲೈಸನ್ನನ್ನು ದೀಪಾವಳಿಯವರೆಗೆ ತಡೆದು ಆಮೇಲೆ ಕೊಡಬೇಕೆಂದರು. ಮಹಾದೇವಮ್ಮನಿಗೆ, ಇನ್ನು ಮೇಲೆ ಕೆಮ್ಮಿಗೆ ದವಾಖಾನೆಗೆ ಹೋಗಿ ತಾಯಿ, ಕೂಸುಗಳಿಗೂ ಅದನ್ನು ಸವರಬೇಡಿ ಎಂದರು. ಡೋಡಿ ತಂದವರು ಯಾರೆಂದು ಕೇಳಲಿಲ್ಲ. ಮುಂದಿನ ಕೇಸು ಕರೆದರು.

ಹೊರಗೆ ಹುಣಸೆ ಮರದಡಿ ಆಕೆ ಅಂಬರಾಯರನ್ನು ಹಿಡಿದು ನಿಲ್ಲಿಸಿದಳು.

"ಗೆದ್ದೇವೋ ಸೋತೇವೋ, ವಕೀಲ್ರ?"

"ನನ್ನ ಮಾತು ಕೇಳಿದ್ರೂ ಇಷ್ಟ ಆಗತಿತ್ತು, ಕೇಳದಿದ್ರೂ ಇಷ್ಟ ಆತು. ಏನಂತ ಹೇಳ್ಳಿ?" ಅವರಿಗೆ ಸಿಟ್ಟೂ ಇತ್ತು, ನಗೆಯೂ ಇತ್ತು. "ಲೈಸನ್ನು ಉಳೀತು, ಅಷ್ಟ ತಿಳಕೋ."

"ಆದ್ರ ಕೊಟ್ಟಾಕಿ ನಾನು. ಶಿಕ್ಷಾ ಅವಗ್ಯಾಕ?"

"ಮೈ ನೆಟ್ಟಗಿಲ್ಲ ಅಂತ ಅವಗ ಗೊತ್ತಿತ್ತಲ್ಲ."

"ಯಾಕ ನೆಟ್ಟಗಿಲ್ಲ ಅಂತ ನನಗ ಗೊತ್ತಿತ್ತಲ್ರೀ."

"ನೀ ಗಾಡಿ ಹೊಡಿಲಿಲ್ಲವ್ವಾ," ಎಂದು ಅವರು ಕರೀ ಕೋಟು ಹೆಗಲಿಗೆ ಹಾಕಿಕೊಂಡು ಹೋದರು. ಆ ಉತ್ತರ ಸರಿಯೇ ಇರಬೇಕು ಎಂದು ಆಕೆಗೂ ತೋರಿತು. ಆದರೆ ಅದು ಮನಸ್ಸಿನಲ್ಲಿ ಎಲ್ಲಿಯೂ ಹೋಗಿ ಕೂಡಲಿಲ್ಲ.

ಚಿತ್ತಾಪುರ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ತಾಯಿ ಮಗ ಗಾಡಿಗೆ ಕಾಯುತ್ತ ಕುಳಿತರು. ಆಕೆ ಬುತ್ತಿ ಬಿಚ್ಚಿ ರೊಟ್ಟಿಯ ಮೇಲೆ ಪುಂಡಿಪಲ್ಯ ಇಟ್ಟು ಕೊಟ್ಟಳು. ಅವನು ಇಸಿದುಕೊಂಡು ತಿನ್ನದೆ ಹಿಡಿದುಕೊಂಡ.

"ನಾ ಸಾಯ್ತೀನಿ ಅಂತ ತಿಳಕೊಂಡಿದ್ದೆ, ಯವ್ವಾ."

"ತಪ್ಪಾತಪ್ಪಾ."

"ಅವತ್ತ ಹೇಳಬೇಕಿಲ್ಲೇನು, ಹಾಲಿನ್ಯಾಗ ಇದನ್ನ ಹಾಕೀನಿ ಅಂತ?"

"ಹೇಳಿದ್ರ ನೀ ಕುಡೀತಿದ್ದಿ ಏನು? ಕೂಸಿನ ಔಷಧ ನನಗ್ಯಾಕ ಅಂತಿದ್ದಿ."

"ಕುಡೀತಿದ್ದೆ," ಎಂದ ಅವನು. "ನೀ ಕೊಟ್ಟದ್ದು ಯಾವಾಗ ಬ್ಯಾಡ ಅಂದೀನಿ? ಕುಡಿದು ಮಲಗತಿದ್ದೆ. ಸಾವ್ಕಾರ್ರ ಆಳು ಬಂದ್ರ, ಅವ್ವ ಔಷಧ ಕೊಟ್ಟಾಳ, ಇವತ್ತ ಗಾಡಿ ಆಗಂಗಿಲ್ಲ ಹೋಗು ಅಂತಿದ್ದೆ."

ಮಹಾದೇವಮ್ಮ ಹಳಿಗಳ ಕಡೆ ನೋಡಿದಳು. ಅಂಬರಾಯರು ಮೂರು ಬಗೆಯಾಗಿ ಬಿಡಿಸಿ ಹೇಳಿದ್ದರಲ್ಲಿ ಈ ಮಾತು ಒಂದು ಕಡೆಯೂ ಇರಲಿಲ್ಲ. ಇದು ಯಾವ ಕಲಮಿನಡಿ ಬರುತ್ತದೆ ಎಂದು ಕೇಳಲು ಯಾರೂ ಇರಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡಳು.

"ದೀಪಾವಳಿ ತನಕ ಏನ್ ಮಾಡ್ತಿ?" ಎಂದು ಕಡೆಗೆ ಕೇಳಿದಳು. ಕೇಳಲು ಹೆದರಿಕೆಯಾಗಿತ್ತು.

"ಗ್ಯಾರೇಜಿನ್ಯಾಗ ಮಿಸ್ತ್ರಿ ಬಾ ಅಂದಾನ. ಪಾನಾ ಹಿಡಿಯೋದು, ಟೈರ್ ಬಿಚ್ಚೋದು. ಪಗಾರ ಕಮ್ಮಿ."

"ಸಾವ್ಕಾರ್ರು?"

"ಅವರು ನಿನ್ನೆನೇ ಹೇಳ್ಯಾರ. ಲೈಸನ್ನು ಸಿಗಲಿಲ್ಲಂದ್ರ ಖಣಿ ಅದ ಬಾ, ಗಟ್ಟಿ ಆಳಿದ್ದಿ, ಪಗಾರ ಜಾಸ್ತಿ ಕೊಡ್ತೀನಿ ಅಂದ್ರು."

"ನೀ ಏನಂದಿ?"

ಸಾಯಬಣ್ಣ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡ. ದೂರದಲ್ಲಿ ಸೇಡಂ ಕಡೆಯಿಂದ ಗಾಡಿಯ ಹೊಗೆ ಕಾಣಿಸಿತು. ಕುಳಿತವರೆಲ್ಲ ಚೀಲ ಎತ್ತಿಕೊಂಡು ಏಳತೊಡಗಿದರು.

"ಏನಂತೀನಿ," ಎಂದ, ಬಾಯಿ ತುಂಬ ರೊಟ್ಟಿ ಇಟ್ಟುಕೊಂಡೇ. "ನಮ್ಮವ್ವ ಬಿಡಂಗಿಲ್ಲ ಅಂದೆ."